ಹತ್ತು ನಿಮಿಷ ಮುಂದಿನ ಗಡಿಯಾರ

ಅಡುಗೆಮನೆಯ ಗಡಿಯಾರವನ್ನು ಅತ್ತೆ ಹತ್ತು ನಿಮಿಷ ಮುಂದಿಟ್ಟು ಹನ್ನೊಂದು ವರ್ಷವಾಗಿತ್ತು. ಮಗ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೊರಡಲಿ ಎಂಬ ಉಪಾಯ. ಮಗರಾಯ ಹತ್ತು ನಿಮಿಷ ಕಳೆದು ನೋಡುವುದನ್ನು ಎರಡನೇ ದಿನವೇ ಕಲಿತಿದ್ದ. ಅತ್ತೆಗೆ ಮಾತ್ರ ಅದನ್ನು ಯಾರೂ ಹೇಳಿರಲಿಲ್ಲ.

ಆ ಬೆಳಿಗ್ಗೆ ಕಾಫಿ ಹೀರುತ್ತ ಗಡಿಯಾರ ನೋಡಿದ ಸೊಸೆ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟಳು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ಅವಳು ಅಂದು ನ್ಯಾಯಾಲಯದಲ್ಲಿ ತಜ್ಞೆಯಾಗಿ ಸಾಕ್ಷಿ ನುಡಿಯಬೇಕಿತ್ತು. ಇಂಟರ್‌ನೆಟ್ಟಿನಲ್ಲಿ ಜಾಹೀರಾತಿನ ಪ್ರತಿ ಜಾಗವೂ ಕಣ್ಣು ಮಿಟುಕಿಸುವುದರೊಳಗೆ ಹರಾಜಾಗುತ್ತದೆ. ಕೊಳ್ಳುವವರ ದಲ್ಲಾಳಿ, ಮಾರುವವರ ದಲ್ಲಾಳಿ, ಹರಾಜು ಕೂಗುವವ, ಮೂರೂ ಒಂದೇ ಕಂಪನಿ. ಬೇರೆಯವರನ್ನು ತಲೆ ಎತ್ತಗೊಡದೆ ಅದು ಮನಸ್ಸಿಗೆ ಬಂದಷ್ಟು ಕಮಿಷನ್ ಮುರಿದುಕೊಳ್ಳುತ್ತಿದೆ ಎಂದು ಸಣ್ಣ ಪತ್ರಿಕೆಗಳವರು ದಾವೆ ಹೂಡಿದ್ದರು. ಜಾಹೀರಾತುದಾರ ನೂರು ಕೊಟ್ಟರೆ ಮೂವತ್ತನಾಲ್ಕು ಕಂಪನಿಯಲ್ಲೇ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ಇಡೀ ದಾವೆ ನಿಂತಿದ್ದು ಅದರ ಮೇಲೆ.

ಕಂಪನಿಯ ಹರಾಜಿನ ದಾಖಲೆಯನ್ನೂ ಪತ್ರಿಕೆಗಳ ಗಳಿಕೆಯ ದಾಖಲೆಯನ್ನೂ ಅವಳು ಗಂಟೆ, ನಿಮಿಷ, ಸೆಕೆಂಡು ನೋಡಿ ಜೋಡಿಸಿದ್ದಳು. ಎರಡು ಕಡೆಯ ಗಡಿಯಾರಗಳೂ ಒಂದೇ ಹೊತ್ತು ತೋರಿಸುತ್ತವೆಯೇ ಎಂಬುದನ್ನು ಮಾತ್ರ ನೋಡಿರಲಿಲ್ಲ. ಅತ್ತೆಯ ಗಡಿಯಾರ ಈಗ ಅದನ್ನು ನೆನಪಿಸಿತ್ತು.

ನ್ಯಾಯಾಲಯದ ಮೊಗಸಾಲೆಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ನೋಡಿದಳು. ನಾಲ್ಕು ಸೆಕೆಂಡು ಹಿಂದೆಮುಂದೆ. ಯಾರದೋ ಹರಾಜಿಗೆ ಇನ್ಯಾರದೋ ಬೆಲೆ ಗಂಟುಬಿದ್ದಿತ್ತು. ಸರಿಪಡಿಸಿದಾಗ ಮೂವತ್ತನಾಲ್ಕು ಇಪ್ಪತ್ತೆಂಟಕ್ಕೆ ಇಳಿಯಿತು.

ಪತ್ರಿಕೆಗಳ ವಕೀಲರು ತಲೆ ಮೇಲೆ ಕೈ ಹೊತ್ತರು. “ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದೇ ಇಲ್ಲ, ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ? ಸುಮ್ನಿರಿ.”

“ತಪ್ಪು ಅಂತ ಗೊತ್ತಾದ್ಮೇಲೆ ಪ್ರಮಾಣ ಮಾಡಿ ಹೇಗೆ ಹೇಳ್ಲಿ?”

“ಆ ಕಡೆಯ ತಜ್ಞರು ಯಾರು, ನೆನಪಿದೆಯಲ್ಲ?”

ನೆನಪಿತ್ತು. ಅವಳಿಗೆ ಈ ವಿದ್ಯೆ ಕಲಿಸಿದ ಮೇಷ್ಟ್ರೇ. ಸುಳ್ಳೇಕೆ, ದಾವೆ ಸೋಲುವುದಕ್ಕಿಂತ ಅವರೆದುರು ದಡ್ಡಿಯಾಗುವುದೇ ಅವಳಿಗೆ ದೊಡ್ಡ ಸಂಕಟ.

ಆದರೂ ಕಟಕಟೆ ಹತ್ತಿದವಳೇ, ಯಾರೂ ಕೇಳುವ ಮೊದಲು ಹೇಳಿಬಿಟ್ಟಳು. “ನನ್ನ ವರದೀಲಿ ಒಂದು ತಪ್ಪಿದೆ. ಮೂವತ್ತನಾಲ್ಕಲ್ಲ, ಇಪ್ಪತ್ತೆಂಟು.” ಹೊಸ ಹಾಳೆಗಳನ್ನು ಎರಡೂ ಕಡೆಯವರಿಗೆ ಕೊಟ್ಟಳು. ಕಂಪನಿಯ ವಕೀಲರು ಬಿಚ್ಚಿಟ್ಟಿದ್ದ ದಪ್ಪ ಕಡತವನ್ನು ಮೆಲ್ಲಗೆ ಮುಚ್ಚಿದರು. ಅವರ ಮುಖ ಕೈಗೆ ಬಂದ ತುತ್ತು ಬಾಯಿಗೆ ಬಾರದವರಂತಿತ್ತು.

ಊಟದ ವಿರಾಮದಲ್ಲಿ ಹೊಸ ಹಾಳೆಗಳ ಲೆಕ್ಕ ಹಾಕಿ ನೋಡಿದ್ದ ಮೇಷ್ಟ್ರನ್ನು ನ್ಯಾಯಾಧೀಶರು ಕೇಳಿದರು. “ಈ ಲೆಕ್ಕ ನಂಬೋಕಾಗಲ್ಲ ಅಂತಷ್ಟೇ ಬರೆದಿದ್ರಿ, ಯಾಕೆ ಅಂತ ಬರೆದಿರಲಿಲ್ಲ. ಈಗೇನಂತೀರಿ?”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ನಂಬೋಕಾಗಲ್ಲ ಅಂದಿದ್ದು ಆ ನಾಲ್ಕು ಸೆಕೆಂಡಿಗಾಗೇ ಸ್ವಾಮಿ. ಇವತ್ತು ನಮ್ಮ ಕಡೆ ವಕೀಲ್ರು ಅದನ್ನೇ ಹಿಡ್ಕೊಂಡು ಜಗ್ಗೋರಿದ್ರು. ಈಗ ಹಿಡಿಯೋಕೆ ಏನೂ ಉಳಿದಿಲ್ಲ. ಇಪ್ಪತ್ತೆಂಟು ಸರಿಯಾಗಿದೆ.”

ನ್ಯಾಯಾಧೀಶರು ಬರೆದುಕೊಂಡರು. ಬೇರೆ ಯಾವ ದಲ್ಲಾಳಿಯೂ ನೂರಕ್ಕೆ ಹತ್ತು ದಾಟದಿರುವಾಗ ಇಪ್ಪತ್ತೆಂಟೇನು ಕಡಿಮೆಯಲ್ಲ. ಹೊರಡುವಾಗ ಮೇಷ್ಟ್ರು ಅವಳತ್ತ ನೋಡಿ ತಲೆದೂಗಿದರು. ಪದವಿ ಸಿಕ್ಕ ದಿನವೂ ಅವಳಿಗೆ ಅಷ್ಟು ಖುಷಿಯಾಗಿರಲಿಲ್ಲ.

ಸಂಜೆ ಕತೆಯೆಲ್ಲ ಕೇಳಿದ ಅತ್ತೆ ಸ್ಟೂಲ್ ಹತ್ತಿ ಗಡಿಯಾರಕ್ಕೆ ಕೈ ಹಾಕಿದರು. “ಇದನ್ನೂ ಸರಿ ಮಾಡಿಬಿಡ್ತೀನಮ್ಮ.”

“ಬೇಡ ಅತ್ತೆ, ಇರ್ಲಿ. ಹತ್ತು ನಿಮಿಷ ಮುಂದಿದೆ ಅಂತ ಮನೇಲಿ ಎಲ್ರಿಗೂ ಗೊತ್ತು. ಯಾರಿಗೂ ಮೋಸ ಇಲ್ಲ.”

ಅತ್ತೆ ಸ್ಟೂಲಿನ ಮೇಲೇ ತಿರುಗಿ ನೋಡಿದರು. “ಎಲ್ರಿಗೂ ಅಂದ್ರೆ? ಅವನಿಗೂ ಗೊತ್ತಾ?”

ಒಂದೇ ದಿನದಲ್ಲಿ ಎರಡನೇ ಸಲ ಅವಳು ನಿಜ ಹೇಳಬೇಕಾಯಿತು. ಇದೇ ಹೆಚ್ಚು ಕಷ್ಟವಾಗಿತ್ತು.