ಬೆನ್ನ ಮೇಲಿನ ಅಕ್ಷರ

"ಇನ್ನಷ್ಟ ಬಗ್ಗಸು, ಬೆನ್ನಿಗಿ ನೀರು ಬೀಳವಲ್ದು," ಎಂದಳು ಜೊತೆಯಲ್ಲಿ ಕೆಲಸ ಮಾಡುವ ರೋಷನಬಿ. ನಿರ್ಮಲಾ ಬಚ್ಚಲ ಕಲ್ಲಿನ ಮೇಲೆ ಕೂರಿಸಿದ್ದ ಸತ್ತ ಅತ್ತೆಯ ಭುಜ ಹಿಡಿದು ಮುಂದಕ್ಕೆ ಬಾಗಿಸಿದಳು. ಬ್ಯಾಡಗಿ ಪೇಟೆಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದ ಹೊನ್ನವ್ವನ ಉಗುರುಗಳಲ್ಲಿ ಕೆಂಪು ಹಾಗೇ ಇತ್ತು.

ತಟ್ಟಿಯಾಚೆ ಭಾವ ಹಾಲಸಿದ್ದಪ್ಪನ ದನಿ ಕೇಳಿತು. ಬೂತಿನಿಂದ ಫೋನು ಹೋದ ಮೇಲೆ ರಾಣೆಬೆನ್ನೂರಿನಿಂದ ಬಂದಿದ್ದ.

"ನಿರ್ಮಲಾ, ನಾಳೆನ ಸಾಲಿಗಿ ಹೋಗಿ ಭುವನಾನ ಹೆಸರು ತಗಸು. ನಾಕನೇತ್ತಿಗಿ ಬಂದ್ರೂ ನೆಟ್ಟಗ ಓದಾಕ ಬರಂಗಿಲ್ಲ. ನಿನ್ನ ಜೋಡಿ ತೊಟ್ಟು ಬಿಡಸಾಕ ಬರಲಿ. ಇಷ್ಟು ದಿನ ನಮ್ಮವ್ವ ಅಡ್ಡ ನಿಂತಿದ್ಲು."

"ಹೂನ್ರಿ ಭಾವಾರ."

"ಏನ ಹೂನ್ರಿ?" ರೋಷನಬಿ ಹಲ್ಲು ಕಚ್ಚಿದಳು. "ಮುದುಕಿನ್ನ ಇನ್ನೂ ಮಣ್ಣಿಗಿ ಒಯ್ದಿಲ್ಲ."

*

ಎರಡು ವರ್ಷದ ಹಿಂದೆ ಒಂದು ಸಂಜೆ, ಒಂದೇ ಸಾಲನ್ನು ಏಳು ಸಲ ತಪ್ಪು ಓದಿದ ಮಗಳ ಕೆನ್ನೆಗೆ ನಿರ್ಮಲಾ ಹೊಡೆದಿದ್ದಳು. ಕೆಲಸದಿಂದ ಬಂದು ಕೈ ತೊಳೆದಿರಲಿಲ್ಲ. ಖಾರ ಕಣ್ಣಿಗೆ ಹೋಗಿ, ಮೂರು ದಿನ ಹುಡುಗಿಗೆ ಕಣ್ಣು ತೆರೆಯಲಾಗಲಿಲ್ಲ. ಅಂದಿನಿಂದ ಪುಸ್ತಕ ತೆಗೆದಾಗ ಅವ್ವ ಬಂದರೆ ಭುವನಾ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಹಾವೇರಿಯ ಡಾಕ್ಟರು ಓದಿಸಿ ನೋಡಿ, "ಈಕಿ ದಡ್ಡಿ ಅಲ್ಲ. ಇದಕ್ಕ ಡಿಸ್ಲೆಕ್ಸಿಯಾ ಅಂತಾರ. ಬರೇ ಕಣ್ಣಿಂದ ಆಗಂಗಿಲ್ಲ, ಬೆರಳಿಂದ ತಿದ್ದಿಸಿ ಕಲಸ್ರಿ," ಎಂದರು. ನಿರ್ಮಲಾ ನಂಬಲಿಲ್ಲ. ಹೊನ್ನವ್ವ ನಂಬಿದಳು. ಏಳನೇ ಇಯತ್ತೆವರೆಗೆ ಓದಿದ್ದ ರೋಷನಬಿಯಿಂದ, ಕಾಯಿಯ ರಾಶಿಯ ಮುಂದೆ ಕೂತು, ದಿನಕ್ಕೊಂದು ಅಕ್ಷರ ಕಲಿತು ಬಂದಳು. ಸಂಜೆ ಸೆರಗು ಸರಿಸಿ ಮೊಮ್ಮಗಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು.

"ನನ್ನ ಕೈಗಿ ಖಾರ ಐತಿ, ನಿನ್ನ ಮೈ ಉರದೀತು. ನೀನ ನನ್ನ ಬೆನ್ನ ಮ್ಯಾಲ ಬರಿ, ನಾ ಹೇಳತೀನಿ."

ತಪ್ಪಾದರೆ ತಪ್ಪೆನ್ನುತ್ತಿರಲಿಲ್ಲ. "ಕಚಗುಳಿ ಆತು ನೋಡು, ಮತ್ತ ಬರಿ," ಎನ್ನುತ್ತಿದ್ದಳು.

*

"ಅವ್ವಾ, ಆಯಿ ಬೆನ್ನು ನಾ ತಿಕ್ಕಲಿ?"

ನಿರ್ಮಲಾ ಜರುಗಿದಳು. ಅರಿಶಿನ ಹಚ್ಚಿದ ಬೆನ್ನಿನ ಮೇಲೆ ಭುವನಾಳ ಬೆರಳು ಒಂದು ಅಕ್ಷರ ಬರೆದು ನಿಂತಿತು. ಉತ್ತರಕ್ಕೆ ಕಾಯಿತು. ಅದೇ ಅಕ್ಷರವನ್ನು ಮತ್ತೆ ಬರೆಯಿತು. ಅಕ್ಷರ ಸರಿಯಾಗಿಯೇ ಇತ್ತು. ಮತ್ತೆ ಕಾಯಿತು. ರೋಷನಬಿ ನೀರಿನ ಚರಿಗೆ ಹಿಡಿದುಕೊಂಡೇ ಗೋಡೆಗೆ ಮುಖ ಮಾಡಿದಳು.

ಮಣ್ಣು ಮುಗಿಸಿ ಬಂದವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು.

"ನಾಳೆ ಸಾಲಿಗಿ ಹೋಗೂದು ಮರೀಬ್ಯಾಡ," ಎಂದ ಹಾಲಸಿದ್ದಪ್ಪ.

"ಭುವನಾ ಹೋಗತಾಳ್ರಿ ಭಾವಾರ. ಪಾಟಿಚೀಲ ಹಾಕ್ಕೊಂಡ."

ಬಚ್ಚಲಲ್ಲಿ ನಿರ್ಮಲಾ ಅದೇ ಕಲ್ಲಿನ ಮೇಲೆ ಕೂತು ಮೈಮೇಲೆ ನೀರು ಹೊಯ್ದುಕೊಂಡಳು. ಮಗಳನ್ನು ಕರೆದಳು. ಬಾಗಿಲಲ್ಲಿ ಹೆಜ್ಜೆ ಸದ್ದಾಗಿ ನಿಂತಿತು. ನಿರ್ಮಲಾ ತಿರುಗಿ ನೋಡಲಿಲ್ಲ. ಖಾರದ ಕೈಗಳೆರಡನ್ನೂ ತೊಡೆಯ ಕೆಳಗೆ ಅದುಮಿಕೊಂಡು, ಮಗಳಿಗೆ ಬೆನ್ನು ಕೊಟ್ಟು ಬಾಗಿದಳು.

ಬೆನ್ನ ಮೇಲಿನ ನೀರು ಆರುತ್ತ ಬಂತು. ಅವಳು ಹಾಗೆಯೇ ಕೂತಿದ್ದಳು.