ಬಾಗಿಲು ಬಿಡಿ ಅತ್ತಿಗೆ

ಹಾಯಿ ಪಟಪಟ ಬಡಿದುಕೊಂಡಿತು, ಅತ್ತೆಯವರು ಒಗೆದ ಸೀರೆ ಕೊಡವುತ್ತಿದ್ದದ್ದು ಹೀಗೇ, ಕೊಡವಿದರೆ ಹಿತ್ತಿಲಿನ ಕಾಗೆಯೆಲ್ಲ ಹಾರಬೇಕು—ಹಾಯಿ, ಹಗ್ಗ, ಲಂಗರು, ನೋಡು ಪದಗಳು ಎಷ್ಟು ಸಲೀಸಾಗಿ ಬರುತ್ತಿವೆ, ತಲೆಯೊಳಗೆ ನಾಗವೇಣಿ ಇವತ್ತಿಗೂ ಮೋರ್ಲಿಯ ಶನಿವಾರದ ಕನ್ನಡ ಕ್ಲಾಸಿನ ಬಾಯಿಬಡುಕಿ ಮೇಡಮ್ಮೇ, ಬಾಯಿ ತೆರೆದರೆ ಮಾತ್ರ ಅದು, ಇದು, ಬೇಡ, ಅಯ್ಯೋ, ಎಂಟು ತಿಂಗಳಿಂದ ಈ ನಾಲ್ಕರಲ್ಲೇ ಸಂಸಾರ. ಮೆದುಳಿನ ಎಡಗಡೆ ಸಾಸಿವೆಯಷ್ಟು ರಕ್ತ ಹೆಪ್ಪುಗಟ್ಟಿತಂತೆ, ಸಾಸಿವೆಯಷ್ಟು! ಒಗ್ಗರಣೆಗೂ ಸಾಲದ್ದು ಬಲಗಾಲಿನ ಬಲವನ್ನೂ ನಾಲಿಗೆಯ ಮಾತನ್ನೂ ಹೊತ್ತುಕೊಂಡು ಹೋಯಿತು. ಹೋಗಲಿ, ಒಳಗಾದರೂ ಎಲ್ಲ ಇದೆಯಲ್ಲ, ಒಂದನ್ನು ಬಿಟ್ಟು—ಆ ಒಂದರ ವಿಷಯ ಈಗ ಬೇಡ, ಇವತ್ತು ರಜೆ, ಫ್ರೀಮ್ಯಾಂಟಲ್ ಹಿಂದೆ ಸರಿದು ಬಂದರಿನ ಕ್ರೇನುಗಳಷ್ಟೇ ಕಾಣುತ್ತಿವೆ, ಮುಂದೆ ರಾಟ್‌ನೆಸ್ಟ್ ದ್ವೀಪ ಚಪ್ಪಟೆಯಾಗಿ ಮಲಗಿದೆ. ಮೂವತ್ತನೇ ಆನಿವರ್ಸರಿಗೆ ಮಗಳು ಕೃತಿಯ ಉಡುಗೊರೆ ಈ ದೋಣಿ, ಕೊಳವೆ ಕಚ್ಚಿ ತೇಲುತ್ತ ಮೀನು ನೋಡುವ ಈ ಸ್ನಾರ್ಕೆಲಿಂಗು, ಇಂಡೂರೂಪಿಲ್ಲಿಯ ಹಾಸ್ಟೆಲ್ಲಿನಿಂದ ವಿಡಿಯೋದಲ್ಲಿ ಅಮ್ಮಾ ಜಸ್ಟ್ ಗೋ, ಫಿಶ್ ಡೋಂಟ್ ಟಾಕ್ ಐದರ್ ಅಂದಳು, ಅಂದು ತಾನೇ ಅತ್ತಳು, ಹುಚ್ಚು ಹುಡುಗಿ. ಯಜಮಾನರು ಅಲ್ಲಿ ಚುಕ್ಕಾಣಿಯ ಹತ್ತಿರ ನಿಂತು ಕ್ಯಾಪ್ಟನ್ನಿಗೇ ದೋಣಿ ನಡೆಸುವುದನ್ನು ಕಲಿಸುತ್ತಿದ್ದಾರೆ, ಮೂಗಿನ ಮೇಲೆ ಸನ್‌ಸ್ಕ್ರೀನು ಗೋಡೆಗೆ ಸುಣ್ಣ ಬಳಿದ ಹಾಗೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗ್ ಮಾಡಿದ್ದು ಬಿಟ್ಟರೆ ಈ ಮನುಷ್ಯನಿಗೆ ನೀರಿನ ಗಂಧವಿರಲಿಲ್ಲ, ಇದೊಂದು ದಿನಕ್ಕೆಂದು ಆರು ವಾರ ಈಜುಕೊಳದಲ್ಲಿ ಅಂಗೈಯಗಲದ ಮಕ್ಕಳ ಜೊತೆ ಕಾಲು ಬಡಿದರು, ಮೊದಲ ದಿನ ಮನೆಗೆ ಬಂದು ವೇಣಿ, ನಂಗೆ ಸ್ಟಿಕರ್ ಕೊಟ್ರು ಕಣೆ, ಅಂತ ತೋರಿಸಿದರು. ಆ ಸ್ಟಿಕರ್ ಫ್ರಿಜ್ಜಿನ ಬಾಗಿಲ ಮೇಲೆ ಇನ್ನೂ ಇದೆ.

ಆ ಒಂದು. ಬೇಡವೆಂದರೂ ನೊಣದ ಹಾಗೆ ಅಲ್ಲೇ ಬಂದು ಕೂರುತ್ತದೆ. ಮಾತು ಕಲಿಸುವ ಬ್ರಾನ್ವಿನ್, ಪಾಪ, ಬೆಣ್ಣೆಯಂಥ ಹುಡುಗಿ, ಕಾಗದ ಪೆನ್ನು ಹಿಡಿದು ಕೂತು ವಾಟ್ಸ್ ಯುವರ್ ಹಸ್ಬೆಂಡ್ಸ್ ನೇಮ್ ಅಂತ ಕೇಳಿದ್ದಳು, ಇವಳು ಒಳಗೆ ಹೋಗಿ ಹುಡುಕಿದಳು, ಅಡುಗೆಮನೆಯಲ್ಲಿ ಕೈಗೆ ಸಿಗುವ ಡಬ್ಬಿಯೇ ಅದು, ಕಣ್ಣು ಮುಚ್ಚಿದರೂ ಸಿಗುವಂಥದು, ಮುಚ್ಚಳ ತೆಗೆದರೆ ಖಾಲಿ. ನಾಲಿಗೆಯಲ್ಲಿ ಅಲ್ಲ, ಒಳಗೇ ಖಾಲಿ. ಮುಖ ಇದೆ, ಎಡ ಹುಬ್ಬಿನ ಗಾಯದ ಗುರುತು ಇದೆ, ಗೊರಕೆ ಇದೆ, ಹೆಸರಿಲ್ಲ. ಅಷ್ಟರಲ್ಲಿ ಅವರೇ ಗಟ್ಟಿಯಾಗಿ ನಕ್ಕು, ಓ ನೋ ನೋ, ಇನ್ ಅವರ್ ಕಲ್ಚರ್ ದ ವೈಫ್ ನೆವರ್ ಸೇಸ್ ಇಟ್, ಥರ್ಟಿ ಇಯರ್ಸ್ ಓನ್ಲಿ ರೀ, ರೀ, ರೀ, ಅಂದುಬಿಟ್ಟರು, ಬ್ರಾನ್ವಿನ್ ಬರೆದ ಸೊನ್ನೆಯನ್ನು ಹೊಡೆದುಹಾಕಿದಳು, ಹೌ ಲವ್ಲಿ, ಇವಳು ಮಹಾಪತಿವ್ರತೆಯ ಹಾಗೆ ತಲೆ ತಗ್ಗಿಸಿ ಕೂತಳು, ಕಳ್ಳಿ! ಆಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಊರೆಲ್ಲ ಅವರನ್ನು ಸಿ.ಎಂ. ಅನ್ನುತ್ತದೆ, ಸಿ.ಎಂ. ಅಂಕಲ್, ಫೋನೆತ್ತಿದರೆ ಅವರೂ ಹಲೋ ಸಿ.ಎಂ. ಹಿಯರ್, ವಿಧಾನಸೌಧದಿಂದಲೇ ಮಾತಾಡಿದ ಹಾಗೆ, ಪತ್ರಗಳ ಮೇಲಿನ ಅವರ ಹೆಸರಿನ ಅಕ್ಷರಗಳು ಕಣ್ಣಿಗೆ ಕಾಣುತ್ತವೆ, ಓದಹೋದರೆ ಸದ್ದು ಮಾಡುವುದಿಲ್ಲ, ಯಾರನ್ನು ಕೇಳಲಿ, ಯಾವ ಬಾಯಲ್ಲಿ ಕೇಳಲಿ, ನನ್ನ ಗಂಡನ ಹೆಸರು ಏನ್ರೀ ಅಂತ? ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾರೆ, ಎಲ್ಲ ಹೋದರೂ ನಾನು ಉಳಿದಿದ್ದೇನೆ ಇವಳಲ್ಲಿ ಅಂತ ನಂಬಿಕೊಂಡಿರುವವರು, ಅವರಿಗೆ ತಿಳಿಯುವ ಮೊದಲು ಸಿಗಬೇಕು, ಸಿಗಲೇಬೇಕು. ಹಾಯಿ ಇಳಿಯಿತು, ಲಂಗರು ಗಡಗಡ ಇಳಿಯಿತು, ಇನ್ ಯು ಗೋ ಫೋಕ್ಸ್, ಆರ್ವೋಗೆ, ಅಂದರೆ ಮಧ್ಯಾಹ್ನಕ್ಕೆ, ಗಾಳಿ ಏಳೋ ಮೊದಲು, ಅಂತ ಕ್ಯಾಪ್ಟನ್, ಅವರು ಆಗಲೇ ನೀರಿಗೆ ಧುಮುಕಿ ಪುಸ್ ಅಂತ ಉಗುಳುತ್ತ ಮೇಲೆ ಬಂದರು.

ದೋಣಿಯ ಹಿಂದೆ ನೀರಿನ ಮಟ್ಟಕ್ಕೊಂದು ಹಲಗೆ. ಅದರ ಅಂಚಿನಲ್ಲಿ ತೇಲುವ ಜಾಕೆಟ್ಟು ತೊಟ್ಟು, ಮುಖಕ್ಕೆ ಗಾಜು ಕಟ್ಟಿ, ಬಾಯಲ್ಲಿ ರಬ್ಬರಿನ ಕೊಳವೆ ಕಚ್ಚಿ ನಾಗವೇಣಿ ನಿಂತಿದ್ದಾಳೆ, ಅಮ್ಮ ನೋಡಿದ್ದರೆ ಇದ್ಯಾವ ವೇಷವೇ ನಿಂದು ಅನ್ನುತ್ತಿದ್ದಳು. ಬಾ ವೇಣಿ, ನಾನಿದೀನಿ, ಅವಸರ ಇಲ್ಲ—ಅವಸರ ಇಲ್ಲವಂತೆ! ಸಿಗ್ನಲ್ ಹಸಿರಾಗುವ ಮೊದಲೇ ಹಾರ್ನ್ ಹೊಡೆಯುವ ಆಸಾಮಿ, ಕುಕ್ಕರಿನ ಮೂರನೇ ಸೀಟಿಗೂ ಕಾಯದ ಆಸಾಮಿ, ಈ ಎಂಟು ತಿಂಗಳಲ್ಲಿ ಎಷ್ಟು ಕಾದಿದ್ದಾರೆ, ಇವಳು ಒಂದು ಪದಕ್ಕೆ ಬಾಯಿ ತೆರೆದು ನಿಂತಾಗೆಲ್ಲ ಬೆರಳ ಮೇಲೆ ಹತ್ತರವರೆಗೆ ಎಣಿಸುತ್ತ, ಬ್ರಾನ್ವಿನ್ ಹೇಳಿಕೊಟ್ಟ ಹಾಗೆ. ಬಲಗಾಲು ಎತ್ತಬೇಕು, ಅದು ಏಳುವುದಿಲ್ಲ, ಬಲಗಾಲು, ಬಲಗಾಲಿಟ್ಟು ಒಳಗೆ ಬಾಮ್ಮ—ಹೊಸಿಲ ಮೇಲೆ ಅಕ್ಕಿ ತುಂಬಿದ ಹಿತ್ತಾಳೆ ಸೇರು, ಬಾಗಿಲಿಗೆ ಅಡ್ಡ ಕೈ ಚಾಚಿದ ಇಂದಿರಮ್ಮ, ಅವರ ಅಕ್ಕ, ಗಂಡನ ಹೆಸರು ಹೇಳಿ ಬಾ, ಇಲ್ದಿದ್ರೆ ಇಲ್ಲೇ ನಿಂತ್ಕೋ, ಹೊಸ ಸೀರೆಯ ಅಂಚು ಕಾಲಿಗೆ ಒರಟು, ಪಕ್ಕದಲ್ಲಿ ಅವರು, ಬಾಸಿಂಗದ ದಾರದ ಗುರುತು ಹಣೆಯ ಮೇಲೆ, ಜನ್ಮದಲ್ಲಿ ಒಂದೇ ಸಲ ಗಟ್ಟಿಯಾಗಿ ಹೇಳಿದ್ದು ಆವತ್ತೇ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಒಗಟು, ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ, ಬಾಗಿಲು ಬಿಡಿ ಅತ್ತಿಗೆ, ಪಕ್ಕದಲ್ಲೇ ಕಾಯ್ತಿದ್ದಾರೆ—ಕಾಯ್ತಿದ್ದಾರೆ—ಎಷ್ಟು ಸಲ ಹೇಳಿಕೊಂಡರೂ ಅಲ್ಲಿಗೇ ನಿಲ್ಲುತ್ತದೆ, ಸೇರು ಅಲ್ಲೇ, ಕಾಲು ಅಲ್ಲೇ, ಕಾಯ್ತಿದ್ದಾರೆ, ನೀರಿನಲ್ಲಿ ಎರಡೂ ಕೈ ಮೇಲೆತ್ತಿ ಕಾಯ್ತಿದ್ದಾರೆ, ಕ್ಯಾಪ್ಟನ್ ಟೇಕ್ ಯುವರ್ ಟೈಮ್ ಲವ್ ಅನ್ನುತ್ತಾನೆ, ಬಲಗಾಲು ಒಂದು ಗೇಣು ಎದ್ದಿತು.

ತಣ್ಣಗೆ, ಅಯ್ಯಯ್ಯೋ ಎಷ್ಟು ತಣ್ಣಗೆ, ಕಿವಿಯಲ್ಲೆಲ್ಲ ನೀರು, ಆಮೇಲೆ ಸದ್ದೇ ಇಲ್ಲ, ಉಸಿರೊಂದೇ ಕೊಳವೆಯಲ್ಲಿ ಬಂದು ಹೋಗಿ ಮಾಡುತ್ತಿದೆ, ಬಲಗಾಲಿಗೆ ಭಾರವೇ ಇಲ್ಲ, ನೋಡ್ರೀ ನಂಗೆ ಕುಂಟಿಲ್ಲ, ಇಲ್ಲಿ ಯಾರಿಗೂ ಮಾತಿಲ್ಲ, ಅವರ ಕೈ ಅವಳ ಕೈಯನ್ನು ಬಿಗಿಯಾಗಿ ಹಿಡಿದಿದೆ, ಕೆಳಗೆ ನೇರಳೆ ಹವಳ, ಅದರ ಸಂದಿನಲ್ಲಿ ಬೆಳ್ಳನೆಯ ಪುಟ್ಟ ಪುಟ್ಟ ಮೀನು, ನೂರು, ಸಾವಿರ, ಒಂದೇ ಕಡೆ ಒತ್ತಾಗಿ ನಿಂತಿವೆ, ಇವಳ ಬಲಗಾಲು ತಾನಾಗಿ ಒಮ್ಮೆ ಒದೆಯಿತು, ಅಷ್ಟೇ, ಎಲ್ಲ ಒಮ್ಮೆಗೇ ಚೆಲ್ಲಿದವು, ಸೇರು ಉರುಳಿತು, ಅಕ್ಕಿ ಹೊಸಿಲಿನಾಚೆ ನಡುಮನೆಯ ಕೆಂಪು ನೆಲದ ತುಂಬ ಚೆಲ್ಲಿತು, ಪಕ್ಕದಲ್ಲೇ ಕಾಯ್ತಿದ್ದಾರೆ ಚಂದ್ರಮೌಳಿ. ಚಂದ್ರಮೌಳಿ! ತಾಳಿಗೆ ಮೌಳಿ, ಎಷ್ಟು ಸುಲಭ, ಎಲ್ಲಿ ಹೋಗಿದ್ರಿ ಇಷ್ಟು ದಿನ, ಚಂದ್ರಮೌಳಿ, ಚಂದ್ರಮೌಳಿ, ಕೊಳವೆಯೊಳಗೇ ಕೂಗಿಬಿಟ್ಟಳು, ಹೊರಗೆ ಅದು ಹಂಡೆಯೊಳಗೆ ಬಾಯಿಟ್ಟು ಕೂಗಿದ ಹಾಗೆ ಕೇಳಿಸಿತೋ ಏನೋ, ಯು ರೈಟ್, ಲವ್? ಅಂತ ದೋಣಿಯಿಂದ ಕ್ಯಾಪ್ಟನ್ ಗಾಬರಿಯಾದ, ಅವರು ಅವಳನ್ನು ಮೇಲಕ್ಕೆತ್ತಿ ಮುಖದ ಗಾಜು ಸರಿಸಿದರು, ಸುಣ್ಣವೆಲ್ಲ ತೊಳೆದುಹೋದ ಮೂಗು, ಕೆಂಪಾದ ಕಣ್ಣು, ಅದು ಉಪ್ಪುನೀರಿಗಲ್ಲ, ಏನಾಯ್ತು ಅನ್ನಲಿಲ್ಲ, ನೀರು ಕುಡಿದ್ಯಾ ಅನ್ನಲಿಲ್ಲ, ಮೆಲ್ಲಗೆ ಒಂದೇ ಮಾತು ಕೇಳಿದರು, ಸಿಕ್ತಾ?

ಸಿಕ್ತಾ ಅಂದರೆ—ಅವರಿಗೆ ಗೊತ್ತಿತ್ತು—ಆವತ್ತೇ ಗೊತ್ತಿತ್ತು, ಇನ್ ಅವರ್ ಕಲ್ಚರ್ ಅಂತ ಗಟ್ಟಿಯಾಗಿ ನಕ್ಕು ಸೊನ್ನೆ ಹೊಡೆಸಿದವರು, ಎಂಟು ತಿಂಗಳು ತಮ್ಮ ಹೆಸರನ್ನು ತಾವೇ ಒಮ್ಮೆಯೂ ಹೇಳಿಕೊಡದೆ, ಬೆರಳ ಮೇಲೆ ಎಣಿಸುತ್ತ, ಹೊಸಿಲಿನಾಚೆಗೇ ನಿಂತು, ಅಯ್ಯೋ ರೀ, ಬಾಗಿಲು ಬಿಡಿ ಅತ್ತಿಗೆ, ಬಿಡಿ, ಬಲಗಾಲು, ಸೇರು, ಅಕ್ಕಿ, ಕೆಂಪು ನೆಲದ ತುಂಬ ಬಿಳಿ ಅಕ್ಕಿ, ಅಕ್ಕಿ