ಅತ್ತೆ ಬಿಟ್ಟದ್ದರ ಪಟ್ಟಿ

ಉಜ್ವಲಾಗೆ ಮರೆವು ತವರಿನಿಂದ ಬಂದ ಬಳುವಳಿ. ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದರೆ, ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕಿಳಿದ ಮೇಲೆಯೇ ನೆನಪು. ಗ್ಯಾಸ್ ಸಿಲಿಂಡರು ಖಾಲಿಯಾಗುವುದು ಬೀಗರು ಬಂದ ದಿನವೇ. ನಿಪ್ಪಾಣಿಯಿಂದ ಜುಗೂಳಕ್ಕೆ ಸೊಸೆಯಾಗಿ ಬಂದು ಹದಿನಾರು ವರ್ಷ, ಅತ್ತೆ ಸುಂದರಾಬಾಯಿಯ ಬಾಯಲ್ಲಿ "ಇಕಿ ತಲಿ ತವರಮನ್ಯಾಗ ಬಿಟ್ಟ ಬಂದಾಳ" ಎಂದು ಅನ್ನಿಸಿಕೊಂಡದ್ದೇ ಅನ್ನಿಸಿಕೊಂಡದ್ದು.

ಅಂಥವಳನ್ನು ಒಂದು ನೋಟ್‌ಬುಕ್ಕು ನೆಟ್ಟಗೆ ಮಾಡಿತು. ಮಗಳು ಕಾಜಲ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ್ದಳು. ಗೆರೆಗಳ ಬದಲು ಚುಕ್ಕಿಗಳಿರುವ ಹಾಳೆ, ಅದರಲ್ಲಿ ದಿನದ ಕೆಲಸಗಳ ಪಟ್ಟಿ, ಪ್ರತಿ ಕೆಲಸದ ಮುಂದೆ ಒಂದು ಪುಟ್ಟ ಚೌಕ. ಕೆಲಸ ಮುಗಿದರೆ ಚೌಕದೊಳಗೆ ಗೀಟು. ಮುಗಿಯದಿದ್ದರೆ ಒಂದು ಬಾಣ ಹಾಕಿ ಮುಂದಿನ ಪುಟಕ್ಕೆ ದಾಟಿಸುವುದು. ಸುತ್ತಲೂ ಬಳ್ಳಿ, ಹೂವು, ಬಣ್ಣ. ಉಜ್ವಲಾ ಮಿರಜಿನಿಂದ ಅಂಥದೊಂದು ಬುಕ್ಕನ್ನೂ ಹನ್ನೆರಡು ಬಣ್ಣದ ಪೆನ್ನುಗಳನ್ನೂ ತರಿಸಿಕೊಂಡಳು. ಪಂಪಿಗೆ ತ್ರೀ ಫೇಸ್ ಕರೆಂಟು ಬರುವ ಹೊತ್ತು, ಎಮ್ಮೆಯ ಹಿಂಡಿ ಮುಗಿಯುವ ದಿನ, ಕಬ್ಬು ಕಡಿಯುವವರಿಗೆ ಚಹಾ ಕಳಿಸುವುದು, ಕಾಜಲಳ ಟ್ಯೂಷನ್ನು, ಅಷ್ಟಮಿ, ಚತುರ್ದಶಿ, ಎಲ್ಲಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಗಂಡ ಅಭಿನಂದನ ಮೊದಮೊದಲು "ರಂಗೋಲಿ ಬುಕ್ಕ" ಎಂದು ನಕ್ಕ. ಆರು ತಿಂಗಳಲ್ಲಿ ಅವನೇ ಹೊಲದಿಂದ ಫೋನು ಮಾಡಿ, "ಗೊಬ್ಬರ ಯಾವಾಗ ಹಾಕಿದ್ವಿ, ಬುಕ್ಕಿನ್ಯಾಗ ನೋಡಿ ಹೇಳ" ಎಂದು ಕೇಳತೊಡಗಿದ. ಮನೆಯಲ್ಲಿ ಉಜ್ವಲಾಳ ಮಾತಿಗೆ ತೂಕ ಬಂತು. ಅದು ಸ್ವಲ್ಪ ತಲೆಗೂ ಏರಿತು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಆಷಾಢದಲ್ಲಿ ಚಾತುರ್ಮಾಸ ಶುರುವಾಗುವ ಮುನ್ನಾದಿನ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಕೂತು ಜುಲೈ ತಿಂಗಳ ಪುಟಕ್ಕೆ ನೇರಳೆ ಬಣ್ಣ ತುಂಬುತ್ತಿದ್ದಳು. ಬಾಗಿಲಲ್ಲಿ ಅತ್ತೆ ಬಂದು ನಿಂತಳು. ಬಂದ ಕೂಡಲೇ ಮಾತು ಶುರು ಮಾಡುವ ಹೆಂಗಸು, ಅಂದು ಯಾಕೋ ಸೆರಗಿನ ಅಂಚು ತಿರುವುತ್ತ ನಿಂತೇ ಇದ್ದಳು.

"ಉಜ್ವಲಾ, ಇನ್ನ ಮ್ಯಾಲ ನನಗ ರೊಟ್ಟಿ ಬಡೀಬ್ಯಾಡ."

ಉಜ್ವಲಾ ತಲೆ ಎತ್ತಲಿಲ್ಲ. ನಡುವೆ ಕೈ ನಿಲ್ಲಿಸಿದರೆ ಬಣ್ಣ ಎರಡು ಥರ ಕಾಣುತ್ತದೆ.

"ನೇಮ ಏನ್ರಿ ಅತ್ತಿ?"

ಸುಂದರಾಬಾಯಿ ಬಣ್ಣ ತುಂಬುವ ಆ ಕೈಯನ್ನೇ ನೋಡಿದಳು. ಆಮೇಲೆ, "ಹೂಂ. ನೇಮ ಅಂತನ ತಿಳಕೋ" ಎಂದು ಹೊರಗೆ ಹೋದಳು.

ಕೇಳಿದ್ದರಲ್ಲಿ ವಿಚಿತ್ರವೇನೂ ಇರಲಿಲ್ಲ. ಜೈನರ ಓಣಿಯಲ್ಲಿ ಮಳೆಗಾಲದ ಆ ನಾಲ್ಕು ತಿಂಗಳು ಹೆಂಗಸರು ಏನನ್ನಾದರೂ ಬಿಡುವುದು ರೂಢಿ. ಒಬ್ಬಳು ತುಪ್ಪ ಬಿಟ್ಟರೆ ಇನ್ನೊಬ್ಬಳು ಸಕ್ಕರೆ, ಮತ್ತೊಬ್ಬಳು ಸೊಪ್ಪು. ಎದುರು ಮನೆಯ ಅಕ್ಕಾತಾಯಿ ಹೋಳಿಗೆ ಬಿಡುತ್ತೇನೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಸುಂದರಾಬಾಯಿ ಮಾತ್ರ ಇದುವರೆಗೆ ಅಂಥ ಗೋಜಿಗೆ ಹೋದವಳಲ್ಲ. ಹೊತ್ತು ಮುಳುಗುವ ಮೊದಲು ಊಟ, ಬಟ್ಟೆಯಲ್ಲಿ ಗಾಳಿಸಿದ ನೀರು, ಬೆಳಿಗ್ಗೆ ಬಸದಿ, ಅಷ್ಟಾದರೆ ಅವಳ ಧರ್ಮ ಮುಗಿಯಿತು. ಅವಳು ನೇಮ ಹಿಡಿದಳೆಂದರೆ ಉಜ್ವಲಾಗೆ ಹಿಗ್ಗೇ ಆಯಿತು. ಅತ್ತೆಗೆಂದೇ ಒಂದು ಪುಟ ತೆಗೆದು, ಮೇಲೆ "ಅತ್ತೆಯ ನೇಮ" ಎಂದು ದುಂಡಗೆ ಬರೆದು, ಸುತ್ತ ತಾವರೆ ಬಿಡಿಸಿ, ಮೊದಲ ಚೌಕದ ಮುಂದೆ "ರೊಟ್ಟಿ" ಎಂದು ತಾರೀಖು ಹಾಕಿದಳು.

ಶ್ರಾವಣದಲ್ಲಿ ಶೇಂಗಾ ಮತ್ತು ಪುಠಾಣಿ ಕಾಳು ಆ ಪುಟಕ್ಕೆ ಸೇರಿದವು. ಹದಿನೈದು ದಿನದ ಮೇಲೆ ಅವಲಕ್ಕಿ. ಭಾದ್ರಪದದ ಪರ್ವ ಮುಗಿಯುವಷ್ಟರಲ್ಲಿ ಚಪಾತಿ. ಪ್ರತಿ ಸಲವೂ ಅತ್ತೆ ಬಂದು ಒಂದೇ ಮಾತು ಹೇಳುವಳು, ಉಜ್ವಲಾ ಬರೆದುಕೊಳ್ಳುವಳು, ಚೌಕದೊಳಗೆ ಬಂಗಾರದ ಬಣ್ಣ ತುಂಬುವಳು. ಒಂದು ದಿನ ಆ ಪುಟದ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ಉಗಾರ, ಅಥಣಿ, ರಾಯಬಾಗದ ಬೀಗರೆಲ್ಲ ಕೈ ಮುಗಿಯುವ ಚಿತ್ರ ಕಳಿಸಿದರು. ಬಸದಿಯಲ್ಲಿ ಹೆಂಗಸರು ಸುಂದರಾಬಾಯಿಗೆ ದಾರಿ ಬಿಡತೊಡಗಿದರು. ಅಕ್ಕಾತಾಯಿಯಂತೂ ಕಾಲು ಮುಟ್ಟಿ, "ಸುಂದರಾ, ನಿನ್ನ ಪುಣ್ಯಾ ದೊಡ್ಡದವ್ವಾ" ಎಂದಳು. ಸುಂದರಾಬಾಯಿ ಕಾಲು ಹಿಂದಕ್ಕೆ ಎಳೆದುಕೊಂಡಳು. ಅದನ್ನೂ ವಿನಯವೆಂದೇ ಜನ ತಿಳಿದರು.

ತುಪ್ಪ ಮಾತ್ರ ಅವಳು ಬಿಡಲಿಲ್ಲ, ಸಕ್ಕರೆಯನ್ನೂ ಬಿಡಲಿಲ್ಲ. ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕು, ಕೈಯಿಂದ ಚೆನ್ನಾಗಿ ಹಿಸುಕು ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಊರೆಲ್ಲ ರುಚಿಯದನ್ನು ಬಿಟ್ಟರೆ ಈಕೆ ಗಟ್ಟಿಯದನ್ನು ಬಿಡುತ್ತಿದ್ದಳು. ಕಣ್ಣಿದ್ದವರಿಗೆ ಇಷ್ಟರಲ್ಲೇ ಕಾಣಬೇಕಿತ್ತು. ಆದರೆ ಉಜ್ವಲಾಳ ಕಣ್ಣು ತಾವರೆಯ ಎಸಳಿನ ಮೇಲಿತ್ತು.

ಅದೇ ಬುಕ್ಕಿನ ಬೇರೆ ಪುಟಗಳಲ್ಲಿ ಇನ್ನೊಂದು ಸಾಲಿತ್ತು: "ಅತ್ತೆಯ ನಾಲ್ಕು ಜಂಪರು ಹಿಡಿಸುವುದು." ಕುಪ್ಪಸದ ತೋಳುಗಳು ದೊಗಳೆಯಾಗಿ ಜೋತಾಡುತ್ತಿವೆ, ಎರಡು ಬೆರಳು ಒಳಗೆ ಹಿಡಿಸಬೇಕು ಎಂದು ಅತ್ತೆಯೇ ಹೇಳಿದ್ದಳು. ಟೇಲರಿಗೆ ಕೊಡಲು ಆಗಲಿಲ್ಲ. ಒಂದು ವಾರ ಬಾಣ ಹಾಕಿ ದಾಟಿಸಿದಳು, ಮತ್ತೊಂದು ವಾರ ಮತ್ತೊಂದು ಬಾಣ. ಹೀಗೆ ಒಂಬತ್ತು ವಾರ. ಆ ಹೊತ್ತಿಗೆ ಎರಡು ಬೆರಳು ಸಾಲುತ್ತಿರಲಿಲ್ಲ, ನಾಲ್ಕು ಬೆರಳು ಬೇಕಾಗಿತ್ತು.

ದೀಪಾವಳಿಗೆ ಚಾತುರ್ಮಾಸ ಮುಗಿಯಿತು. ಅಕ್ಕಾತಾಯಿ ನೇಮ ಮುಗಿದ ದಿನವೇ ಮೂರು ಹೋಳಿಗೆ ತಿಂದಳು. ಸುಂದರಾಬಾಯಿ ಅಂದು ಅನ್ನವನ್ನೂ ಬಿಟ್ಟಳು.

"ಎಲ್ಲಾರದೂ ಮುಗೀತಲ್ರಿ ಅತ್ತಿ?" ಎಂದಳು ಉಜ್ವಲಾ.

"ನಂದು ಜೀವ ಇರೂತನಕ. ಬರಕೋ. ನನಗ ಬ್ಯಾರೆ ಗಂಜಿ ಕಾಸು."

ಉಜ್ವಲಾ ಬರೆದುಕೊಂಡಳು. ಅಷ್ಟೇ ಅಲ್ಲ, ಆ ಚೌಕಕ್ಕೆ ಎರಡು ಬಣ್ಣ ತುಂಬಿದಳು.

ಜನವರಿಯಲ್ಲಿ ಒಂದು ಮಧ್ಯಾಹ್ನ ಗಂಜಿ ಗಂಟಲಿಗೆ ಸಿಕ್ಕಿಕೊಂಡಿತು. ಸುಂದರಾಬಾಯಿ ಕೆಮ್ಮಿದಳು, ಮುಖ ಕಪ್ಪಿಟ್ಟಿತು, ಗಂಜಿ ಮೂಗಿನಿಂದ ಬಂತು, ಅದರ ಹಿಂದೆ ಒಂದು ಎಳೆ ರಕ್ತವೂ ಬಂತು. ಅಭಿನಂದನ ಗಾಡಿ ತೆಗೆದ. ಮಿರಜಿನ ದವಾಖಾನೆ ಮುಟ್ಟುವವರೆಗೂ ಉಜ್ವಲಾ ಅತ್ತೆಯ ಬೆನ್ನು ತಿಕ್ಕುತ್ತಿದ್ದಳು. ಅಂಗೈಗೆ ಬರೀ ಎಲುಬು ಸಿಗುತ್ತಿತ್ತು.

ಡಾಕ್ಟರು ನೋಡಿ, ಯಂತ್ರದಲ್ಲಿ ನೋಡಿಸಿ, ಗಂಡಹೆಂಡಿರನ್ನು ಒಳಗೆ ಕರೆದ. "ಗಿಳಾಯಲಾ ತ್ರಾಸ ಕಧೀಪಾಸೂನ?" ಎಂದು ಮರಾಠಿಯಲ್ಲಿ ಕೇಳಿದ. ನುಂಗಲು ತೊಂದರೆ ಯಾವಾಗಿನಿಂದ? ಅಭಿನಂದನ ತನಗೆ ತಿಳಿದಂತೆ, ಇವತ್ತೇ ಎಂದ. ಡಾಕ್ಟರು ತಲೆ ಅಲ್ಲಾಡಿಸಿದ. ಗುಳಿಗೆಯ ಹೆಸರು ಬರೆದುಕೊಳ್ಳಲೆಂದು ಉಜ್ವಲಾ ಚೀಲದಿಂದ ಬುಕ್ಕು ತೆಗೆದಿದ್ದಳು. ತಾವರೆಗಳ ಪುಟ ತೆರೆದುಕೊಂಡಿತು. ಇದೇನು ಎಂದು ಡಾಕ್ಟರು ಕೇಳಿದ. ನಮ್ಮ ಅತ್ತೆ ಹಿಡಿದ ನೇಮ, ಒಂದೊಂದಾಗಿ ಬಿಡುತ್ತ ಬಂದದ್ದು ಎಂದಳು. ಆ ಹೊತ್ತಿನಲ್ಲೂ ಅವಳ ದನಿಯಲ್ಲಿ ತುಸು ಹೆಮ್ಮೆ ಇತ್ತು. ಆ ಹೆಮ್ಮೆಯನ್ನು ಅವಳು ಮುಂದೆ ಎಂದೂ ಕ್ಷಮಿಸಿಕೊಳ್ಳಲಿಲ್ಲ.

ತಾರೀಖಿನ ಸಮೇತ ಓದಿ ಎಂದ ಡಾಕ್ಟರು. ಅವಳು ಓದಿದಳು. ರೊಟ್ಟಿ. ಶೇಂಗಾ. ಅವಲಕ್ಕಿ. ಚಪಾತಿಗೆ ಬರುವಷ್ಟರಲ್ಲಿ ದನಿ ಇಳಿಯಿತು. ಅನ್ನ ಎಂದಾಗ ಎದುರಿಗಿದ್ದವನು ಅದನ್ನೆಲ್ಲ ಅದೇ ಕ್ರಮದಲ್ಲಿ ತನ್ನ ಕಾಗದದ ಮೇಲೆ ಬರೆದುಕೊಳ್ಳುತ್ತಿರುವುದು ಕಂಡಿತು. ಬರೆದು ಮುಗಿಸಿ ಅವನು ಮೆಲ್ಲಗೆ ಹೇಳಿದ. ಅನ್ನನಾಳದಲ್ಲಿ ಗಂಟು ಬೆಳೆದಿದೆ. ಮೊದಲು ಗಟ್ಟಿಯದು ಇಳಿಯುವುದಿಲ್ಲ, ಆಮೇಲೆ ಮೆತ್ತಗಿನದು, ಕೊನೆಗೆ ತೆಳ್ಳಗಿನದೂ ಇಳಿಯುವುದಿಲ್ಲ. ಎಷ್ಟು ಕೇಳಿದರೂ ಮನೆಯವರು ಇಷ್ಟು ಸರಿಯಾಗಿ ಹೇಳುವುದಿಲ್ಲ, ನೀವು ದಿನ ಹಾಕಿ ಬರೆದಿಟ್ಟಿದ್ದೀರಿ. ಶ್ರಾವಣದಲ್ಲೇ ಕರೆತಂದಿದ್ದರೆ, ಎಂದು ಶುರು ಮಾಡಿ ಅವನು ಮಾತು ನಿಲ್ಲಿಸಿದ. ಈಗ ಅದು ಎಲ್ಲ ಕಡೆ ಹಬ್ಬಿತ್ತು.

ಏಳು ತಿಂಗಳು ಒಂದು ರೋಗ ತನ್ನ ವರದಿಯನ್ನು ಉಜ್ವಲಾಳ ಕೈಯಿಂದಲೇ ಬರೆಸಿತ್ತು. ಅವಳು ಅದಕ್ಕೆ ಹೂವು ಬಿಡಿಸಿದ್ದಳು.

ಹೊಟ್ಟೆಗೆ ನಳಿಕೆ ಹಾಕಿ ಹಾಲು ಬಿಡಬಹುದು ಎಂದರು. ಸುಂದರಾಬಾಯಿ ಒಲ್ಲೆ ಎಂದಳು. ಗಂಡ ಎಂಟು ವರ್ಷದ ಹಿಂದೆ ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ ಸತ್ತದ್ದನ್ನು ಅವಳು ಕಂಡಿದ್ದಳು. ಮನೆಗೆ ಕರೆತಂದರು. ಪಡಸಾಲೆಯ ಮಂಚದ ಮೇಲೆ ಮಲಗಿದ ಅತ್ತೆಯ ಪಾದದ ಬಳಿ ಕೂತು ಉಜ್ವಲಾ ಅತ್ತಳು. ಅತ್ತು ಕೇಳಿದಳು.

"ಯಾಕ ಹೇಳ್ಲಿಲ್ರಿ ಅತ್ತಿ?"

"ಹೇಳಾಕ ಬಂದಿದ್ನಲ್ಲ. ನೀ ಬಣ್ಣಾ ತುಂಬಾಕತ್ತಿದ್ದಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

"ನನಗೂ ಅಂಜಿಕಿ ಇತ್ತು," ಎಂದಳು ಸುಂದರಾಬಾಯಿ, ಉಸಿರು ಹಿಡಿದು ಹಿಡಿದು. "ನೀ ನೇಮ ಅಂದಿ. ನಾನೂ ಹೂಂ ಅಂದೆ. ಬಿಟ್ಟೀನಿ ಅಂದ್ರ ಮಂದಿ ಕೈ ಮುಗೀತಾರ. ನುಂಗಾಕ ಆಗವಲ್ದು ಅಂದ್ರ ದವಾಖಾನ್ಯಾಗ ಕೆಡವಿ ಬಾಯಿ ತಗಿ ಅಂತಾರ. ಇರ್ಲಿ ಬಿಡು. ಬರದದ್ದು ಬರದಂಗ ಇರ್ಲಿ. ಊರಾಗ ಯಾರ ಮುಂದೂ ಹೇಳಬ್ಯಾಡ."

ಉಜ್ವಲಾ ಆಗಲಿ ಎಂದಳು. ಅತ್ತೆಯ ಕಾಲು ಮುಟ್ಟಿ ಮಾತು ಕೊಟ್ಟಳು. ಫೆಬ್ರವರಿಯ ಮೊದಲ ವಾರ ಸುಂದರಾಬಾಯಿ ಹಾಲನ್ನೂ ಬೇಡವೆಂದಳು. ಅದನ್ನು ಕಪ್ಪು ಪೆನ್ನಿನಲ್ಲಿ ಬರೆದದ್ದಾಯಿತು. ಚೌಕಕ್ಕೆ ಬಣ್ಣ ತುಂಬಲಿಲ್ಲ. ಆರನೆಯ ದಿನ ಬೆಳಗಿನ ಬಿಸಿಲು ಮಂಚದ ಕಾಲಿಗೆ ಬರುವ ಹೊತ್ತಿಗೆ ಜೀವ ಹೋಯಿತು.

ಸೂತಕ ಕಳೆದ ಮೇಲೆ ಬಸದಿಯ ಮುಂದಿನ ಚಪ್ಪರದಲ್ಲಿ ಶ್ರದ್ಧಾಂಜಲಿ ಸಭೆ ಸೇರಿತು. ಸಮಾಜದ ಹಿರಿಯ ಆಬಾಸಾಹೇಬ ಮೈಕು ಹಿಡಿದು ಸುಂದರಾಬಾಯಿಯ ತ್ಯಾಗವನ್ನು ಕೊಂಡಾಡಿ, "ಸೊಸಿ ಎಲ್ಲಾ ಬರದ ಇಟ್ಟಾಳ, ಆಕಿ ಬಾಯಿಲೆ ಕೇಳೂನು" ಎಂದ. ಉಜ್ವಲಾ ಗಂಡನ ಮುಖ ನೋಡಿದಳು. ಅಭಿನಂದನನ ಕಣ್ಣುಗಳು ಕೆಂಪಾಗಿದ್ದವು. "ಓದು. ಅವ್ವನ ಹೆಸರ ಉಳೀಲಿ" ಎಂದ, ತುಟಿ ಮಾತ್ರ ಅಲ್ಲಾಡುವಷ್ಟು ಸಣ್ಣಗೆ.

ಅವಳು ಎದ್ದು ಓದಿದಳು. ಒಂದೊಂದು ಹೆಸರಿಗೂ ಚಪ್ಪರದ ತುಂಬ ಕೈಗಳು ಮೇಲೆದ್ದು ಜೋಡಿಸಿಕೊಂಡವು. ಮುದುಕಿಯರು ಕಣ್ಣೊರೆಸಿಕೊಂಡರು. ಡಾಕ್ಟರನ ಕಾಗದದ ಮೇಲೆ ಇದೇ ಹೆಸರುಗಳು ಸಾಲಾಗಿ ಕೂತದ್ದು ಉಜ್ವಲಾಳ ಕಣ್ಣಿಗೆ ಕಟ್ಟಿತ್ತು. ಕೊಟ್ಟ ಮಾತು ನಾಲಿಗೆ ಹಿಡಿದಿತ್ತು. "ಹಾಲು" ಎಂದು ಓದಿ ಮುಗಿಸಿ ಕೂತಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಸಭೆ ಮುಗಿದು ಹೆಂಗಸರು ಚಾಪೆಯ ಮೇಲೆ ಅಲ್ಲಲ್ಲಿ ಮಾತಾಡುತ್ತಿದ್ದರು. ಅಕ್ಕಾತಾಯಿ ಬಂದು ಪಕ್ಕದಲ್ಲಿ ಕೂತಳು. ಬುಕ್ಕಿನ ತಾವರೆಗಳನ್ನು ಬೆರಳಿನಿಂದ ಸವರಿದಳು.

"ಉಜ್ವಲಾ, ನನ್ನ ಹೆಸರಿಂದೂ ಇಂಥಾದ ಒಂದ ಹಾಳಿ ಮಾಡಿ ಕೊಡವಾ. ನಾನೂ ರೊಟ್ಟಿ ಬಿಡಬೇಕಂತ ಮಾಡೀನಿ."

ಉಜ್ವಲಾಳ ಕೈ ರೂಢಿಯಂತೆ ಪೆನ್ನಿನ ಮುಚ್ಚಳ ತೆಗೆದಿತ್ತು. ಹೊಸ ಪುಟವನ್ನೂ ತಿರುವಿತ್ತು. ಅಲ್ಲಿಗೆ ನಿಂತಿತು. ಅವಳು ತಲೆ ಎತ್ತಿ ಅಕ್ಕಾತಾಯಿಯನ್ನು ನೋಡಿದಳು. ಹೋಳಿಗೆಯನ್ನೇ ನಾಲ್ಕು ತಿಂಗಳು ಬಿಡಲು ಒದ್ದಾಡಿದ ಹೆಂಗಸು. ಜಂಪರಿನ ತೋಳು ದೊಗಳೆಯಾಗಿ ಜೋತುಬಿದ್ದಿತ್ತು.

"ಯಾಕ್ರಿ ಕಾಕು?"

"ಯಾಕಂದ್ರ ಏನ? ನೇಮ."

"ನೇಮ ಅನ್ನೂದ ಬಿಡ್ರಿ. ಯಾಕ ಬಿಡ್ತೀರಿ ಹೇಳ್ರಿ."

ಅಕ್ಕಾತಾಯಿ ಬಸದಿಯ ಕಡೆ ನೋಡಿದಳು, ಹೆಂಗಸರ ಕಡೆ ನೋಡಿದಳು. ಕೈ ತನ್ನಷ್ಟಕ್ಕೆ ಕೊರಳಿನ ಕೆಳಗೆ, ಎದೆಯ ಎಲುಬಿನ ಮೇಲೆ ಹೋಗಿ ಕೂತಿತು. ಬಾಗಿ ಕಿವಿಯಲ್ಲಿ ಹೇಳಿದಳು.

"ಇಲ್ಲಿ ನಿಂತಂಗ ಆಗತೈತಿ. ಸಂಕ್ರಾಂತಿಯಿಂದ. ಯಾರಿಗೂ ಅನಬ್ಯಾಡ, ನಿನ್ನ ಕೈ ಮುಗೀತೀನಿ. ನೇಮ ಅಂತ ಬರಿ."

ಉಜ್ವಲಾ ಬುಕ್ಕು ಮುಚ್ಚಿದಳು. ಅತ್ತೆಯ ಕಾಲು ಮುಟ್ಟಿ ಕೊಟ್ಟ ಮಾತು ನೆನಪಾಯಿತು, ಆದರೂ ಅವಳು ಅಕ್ಕಾತಾಯಿಯ ಕೈಯನ್ನು ಬಿಗಿಯಾಗಿ ಹಿಡಿದು ಎದ್ದು ನಿಂತಳು. ಚಪ್ಪರದ ಆಚೆ ತುದಿಯಲ್ಲಿದ್ದ ಗಂಡನಿಗೆ ಕೇಳಿಸುವಂತೆ, ಆಬಾಸಾಹೇಬನಿಗೂ, ಎಲ್ಲ ಹೆಂಗಸರಿಗೂ ಕೇಳಿಸುವಂತೆ ಕೂಗಿದಳು.

"ಗಾಡಿ ತಗೀರಿ! ನಮ್ಮ ಅತ್ತಿ ಏನೂ ಬಿಟ್ಟಿರಲಿಲ್ಲ, ಅವರಿಗೆ ನುಂಗಾಕ ಬರತಿರಲಿಲ್ಲ! ಈ ಕಾಕುಗೂ ಬರವಲ್ದು, ಗಾಡಿ ತಗೀರಿ!"